ಮಲ್ಲೇಶನ ಹೆಸರಲ್ಲಿ ಲೈಸೆನ್ಸ್

ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಹುಣಸೂರಿನಲ್ಲಿ ಇಬ್ಬರಿಗಿತ್ತು. ಒಬ್ಬರು ನಮ್ಮ ಕಣ್ಣಿನ ಆಸ್ಪತ್ರೆಯ ಕಾರ್ಯದರ್ಶಿಗಳು. ಇನ್ನೊಬ್ಬ ನಾನು.

ನಮ್ಮದು ಧರ್ಮಾರ್ಥ ಆಸ್ಪತ್ರೆ. ಸುತ್ತಲ ನಾಲ್ಕು ತಾಲ್ಲೂಕುಗಳ ವಯಸ್ಸಾದವರು ಪೊರೆ ತೆಗೆಸಿಕೊಳ್ಳಲು ಬರುತ್ತಾರೆ. ಅಲ್ಲಿ ದಾಖಲೆ ವಿಭಾಗ ನನ್ನದು; ಸ್ವಾಮಿ ಎಂದರೆ ಎಲ್ಲರಿಗೂ ಗೊತ್ತು. ಹಿಂದೊಮ್ಮೆ ಯಾರೋ ದಾನಿಗಳು ದೊಡ್ಡ ದೊಡ್ಡ ಕಂಪನಿಗಳು ಬಳಸುವಂಥ ಡೇಟಾಬೇಸ್ ಒಂದನ್ನು ನಮಗೆ ಕೊಡಿಸಿದ್ದರು. ಯಾವ ಊರಿನ ಯಾರು, ಯಾವ ಕಣ್ಣು, ಅಳತೆ ಎಷ್ಟು, ಮುಂದಿನ ಆಪರೇಷನ್ ಯಾವತ್ತು, ಎಲ್ಲವೂ ಅದರ ಹೊಟ್ಟೆಯಲ್ಲಿ. ಅದನ್ನು ಕೂರಿಸಿದವನು, ಸಾಕಿದವನು, ಕೈಕೊಟ್ಟಾಗ ಬೈದು ದಾರಿಗೆ ತರುತ್ತಿದ್ದವನು ನನ್ನ ಸಹೋದ್ಯೋಗಿ ಮಲ್ಲೇಶ. ಪಿರಿಯಾಪಟ್ಟಣದವನು. ಇಪ್ಪತ್ತೆರಡು ವರ್ಷ ನನ್ನ ಎದುರು ಮೇಜಿನಲ್ಲಿ ಕೂತಿದ್ದ. ಹೋದ ವರ್ಷ ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಅವನು ಹೋದ ಮೇಲೂ ಡೇಟಾಬೇಸ್ ನಡೆಯುತ್ತಲೇ ಇತ್ತು. ಹೇಗೆ ನಡೆಯುತ್ತಿದೆ ಎಂದು ನಾನು ವಿಚಾರಿಸಲಿಲ್ಲ. ನಡೆಯುವುದನ್ನು ನಿಲ್ಲಿಸಿ ವಿಚಾರಿಸುವುದು ನನ್ನ ಸ್ವಭಾವವಲ್ಲ.

ಹೀಗಿರಲು ಆ ಡೇಟಾಬೇಸ್ ಕಂಪನಿಯಿಂದ ಒಂದು ಪತ್ರ ಬಂತು. ದಾನಿಗಳು ಕೊಡಿಸಿದ್ದ ಲೈಸೆನ್ಸಿನ ಅವಧಿ ಮುಗಿದಿದೆ, ಇನ್ನು ಮುಂದೆ ಯಾವ ಬಗೆಯ ಲೈಸೆನ್ಸ್ ಬೇಕೆಂದು ನೀವೇ ಆರಿಸಿ ತಿಳಿಸಿ ಎಂದು ಹದಿನಾಲ್ಕು ಪುಟ. ಕಾರ್ಯದರ್ಶಿಗಳು ಅದನ್ನು ನನ್ನ ಕೈಗಿತ್ತು, "ಸ್ವಾಮಿ, ಇದೊಂದು ನೋಡ್ಬುಡಿ. ನಿಮಗೆ ಗೊತ್ತಾಗುತ್ತೆ" ಎಂದರು.

ನಾನು ಅದನ್ನು ಮನೆಗೆ ಒಯ್ದು, ಕನ್ನಡಕ ಒರೆಸಿ, ಸಂಜೆ ಕಾಫಿಯ ಜೊತೆ ಓದಿದೆ. ಹೆಂಡತಿ ಮಂಗಳ ಅವರೆಕಾಯಿ ಬಿಡಿಸುತ್ತ ಎದುರಿಗೆ ಕೂತಿದ್ದಳು.

"ಏನ್ರೀ ಅದು, ಅಷ್ಟು ದಪ್ಪ?"

"ಲೈಸೆನ್ಸು. ಎರಡು ದಾರಿ ಐತೆ. ಒಂದು, ಎಷ್ಟು ಜನ ಬಳಸ್ತಾರೋ ಅವರ ಹೆಸರು ಬರೆದು ತಲೆಗಿಷ್ಟು ಅಂತ ತಗೊಳೋದು. ಇನ್ನೊಂದು, ಸರ್ವರಿನಲ್ಲಿ ಎಷ್ಟು ಕೋರ್ ಐತೆ ಅಂತ ಎಣಿಸಿ ತಗೊಳೋದು."

"ಕೋರ್ ಅಂದ್ರೆ?"

"ಪೆಟ್ಟಿಗೆ" ಎಂದೆ.

ಹೀಗೆ ಮೊದಲನೇ ತಪ್ಪು ಅವರೆಕಾಯಿಯ ಸಮ್ಮುಖದಲ್ಲಿ ನಡೆಯಿತು. ಕೋರ್ ಎಂದರೆ ಪೆಟ್ಟಿಗೆಯಲ್ಲ, ಪೆಟ್ಟಿಗೆಯೊಳಗಿನ ಮಿದುಳು, ಒಂದೇ ಪೆಟ್ಟಿಗೆಯಲ್ಲಿ ಹಲವಾರು ಇರಬಹುದು ಎಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಮಾರನೆಯ ದಿನ ಸರ್ವರ್ ಕೋಣೆಗೆ ಹೋಗಿ ಎಣಿಸಿದೆ. ಒಂದು ಪೆಟ್ಟಿಗೆ. ಆಮೇಲೆ ಬಳಕೆದಾರರನ್ನು ಎಣಿಸಿದೆ. ನಾವು ಕೆಲಸದವರು ಏಳು ಜನ. ಆದರೆ ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಏಳೂ ಜನ ಹೊಡೆಯುತ್ತಿದ್ದದ್ದು ಮಲ್ಲೇಶನ ಹೆಸರನ್ನೇ. ನಮಗೆಲ್ಲ ಬೇರೆ ಬೇರೆ ಹೆಸರು ಕೊಡುತ್ತೇನೆಂದು ಅವನು ಎಷ್ಟೋ ಸಲ ಹೇಳಿದ್ದ. ನಾನೇ, "ಇರ್ಲಿ ಬುಡ್ಲಾ, ಒಂದು ಗ್ಯಾಪಕ ಇಟ್ಕೊಳೋದೇ ಕಷ್ಟ" ಎಂದು ತಡೆದಿದ್ದೆ. ಅಂದ ಮೇಲೆ ಬಳಕೆದಾರ ಒಬ್ಬನೇ! ಎರಡು ದಾರಿಯಲ್ಲಿ ಯಾವುದರಲ್ಲಿ ನಡೆದರೂ ಉತ್ತರ ಒಂದೇ. ಇಷ್ಟು ಸುಲಭದ ಲೆಕ್ಕಕ್ಕೆ ಹದಿನಾಲ್ಕು ಪುಟ ಬರೆದ ಕಂಪನಿಯವರ ಬಗ್ಗೆ ನನಗೆ ಕನಿಕರವಾಯಿತು.

ಅರ್ಜಿ ತುಂಬಿದೆ. ಬಳಕೆದಾರರು: ಒಬ್ಬರು. ಹೆಸರು: ಮಲ್ಲೇಶ್. ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು. ಆದರೆ ಅರ್ಜಿಯಲ್ಲಿ ಹೆಸರು ಕೇಳಿದ್ದರೇ ಹೊರತು ಇದ್ದಾರೋ ಇಲ್ಲವೋ ಎಂದು ಕೇಳಿರಲಿಲ್ಲ. ಸಹಿ ಹಾಕಿ, ಸೀಲು ಒತ್ತಿ ಕಳಿಸಿದೆ.

ವಾರದೊಳಗೆ ಬೆಂಗಳೂರಿನಿಂದ ಫೋನ್ ಬಂತು. ದೀಪಾ ಎಂಬ ಹೆಣ್ಣುಮಗಳು. ಮಾತು ಬಹಳ ಮರ್ಯಾದೆಯದು.

"ಸರ್, ನಿಮ್ಮಲ್ಲಿ ಒಬ್ಬರೇ ಬಳಕೆದಾರರು ಅಂತ ಬರೆದಿದ್ದೀರಿ. ಆದ್ರೆ ನಮಗೆ ಬರೋ ವರದಿ ಪ್ರಕಾರ ಮಲ್ಲೇಶ್ ಅವರು ಒಂದೇ ಸಮಯಕ್ಕೆ ಏಳು ಕಂಪ್ಯೂಟರಲ್ಲಿ ಕೆಲಸ ಮಾಡ್ತಿದ್ದಾರಲ್ಲ?"

"ಬಹಳ ಶ್ರಮಜೀವಿ ಮೇಡಂ" ಎಂದೆ.

"ಅವರ ಜೊತೆ ಮಾತಾಡಬಹುದಾ ಸರ್?"

"ರಜದಲ್ಲಿದ್ದಾರೆ."

ಈ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಬಂದ ಮೇಲೆ ವಾಪಸು ತೆಗೆದುಕೊಳ್ಳಲಾಗಲಿಲ್ಲ. ಮೂರು ದಿನ ಬಿಟ್ಟು ಅವಳು ಮತ್ತೆ ಕೇಳಿದಳು. "ರಜ ಮುಂದುವರಿಸಿದ್ದಾರೆ" ಎಂದೆ. ಫೋನಿಟ್ಟು ತಲೆಯೆತ್ತಿದರೆ ಎದುರಿನ ಖಾಲಿ ಕುರ್ಚಿ. ಆವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಮೂರನೇ ಸಲ ದೀಪಾ ಬೇರೆ ಮಾತು ಹೇಳಿದಳು. ನಿಜವಾದ ಬಳಕೆ ಎಷ್ಟೆಂದು ಅಳೆಯುವ ಒಂದು ಪುಟ್ಟ ಪ್ರೋಗ್ರಾಂ ಕಳಿಸುತ್ತೇವೆ, ಅದನ್ನು ನಿಮ್ಮ ಸರ್ವರಿನಲ್ಲಿ ಓಡಿಸಿ, ಅದಕ್ಕೆ ಆಡಳಿತದ ಪಾಸ್‌ವರ್ಡ್ ಬೇಕು ಎಂದು. ದಿನನಿತ್ಯದ ಪಾಸ್‌ವರ್ಡ್ ನಮಗೆಲ್ಲ ಗೊತ್ತಿತ್ತು. ಈ ಆಡಳಿತದ್ದು ಮಾತ್ರ ಮಲ್ಲೇಶನ ತಲೆಯಲ್ಲಿತ್ತು. ಅದನ್ನು ಬರೆದಿಟ್ಟಿದ್ದರೆ ಅವನ ಮನೆಯಲ್ಲಿರಬೇಕು. ಅವನ ಮಣ್ಣಿಗೆ ಹೋಗಿ ಬಂದವನು ಮತ್ತೆ ಆ ಕಡೆ ತಲೆಹಾಕಿರಲಿಲ್ಲ. ಈಗ ಪಾಸ್‌ವರ್ಡಿಗಾಗಿ ಪಿರಿಯಾಪಟ್ಟಣದ ಬಸ್ಸು ಹತ್ತಿದೆ.

ಬಾಗಿಲಲ್ಲಿ ಮಲ್ಲೇಶನ ಹೆಂಡತಿ ಗಿರಿಜಾ ನನ್ನನ್ನು ಕಂಡವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಒಳಗೆ ಅವನ ಫೋಟೋಗೆ ಹೊಸ ಹಾರ, ವಿಭೂತಿ, ಮುಂದೆ ಎಡೆ. ನೆಲದ ಮೇಲೆ ಅವಳ ಅಣ್ಣ, ಅತ್ತಿಗೆ ಇಬ್ಬರೇ ಕೂತಿದ್ದರು.

"ವರ್ಷದ ಪೂಜೆಗೆ ಯಾರ್ಗೂ ಯೋಳ್ನಿಲ್ಲ ಕಣಣ್ಣ, ಮನೆಮಟ್ಟಿಗೆ ಅಂತ. ಆದ್ರೂ ನೀವೊಬ್ರು ಗ್ಯಾನ ಇಟ್ಕೊಂಡು ಬಂದ್ರಲ್ಲ."

ನನ್ನ ಬ್ಯಾಗಿನಲ್ಲಿ ಹೂವಿರಲಿಲ್ಲ, ಹಣ್ಣಿರಲಿಲ್ಲ. ಹದಿನಾಲ್ಕು ಪುಟದ ಲೈಸೆನ್ಸಿತ್ತು. ಬ್ಯಾಗನ್ನು ಕಂಕುಳಲ್ಲಿ ಇನ್ನಷ್ಟು ಬಿಗಿಯಾಗಿ ಅವುಚಿಕೊಂಡು ಫೋಟೋಗೆ ಕೈಮುಗಿದೆ. ಹೋಳಿಗೆ ಬಡಿಸಿದರು. ನಿಮ್ಮ ಗೆಳೆಯನಿಗೆ ಇಷ್ಟವಾದದ್ದು, ಇನ್ನೊಂದು ಹಾಕಿಸಿಕೊಳ್ಳಿ ಎಂದರು. ಹಾಕಿಸಿಕೊಂಡೆ. ಅಷ್ಟು ಕಷ್ಟಪಟ್ಟು ಹೋಳಿಗೆ ನುಂಗಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಪಾಸ್‌ವರ್ಡ್ ಕೇಳುವ ಮಾತು ನಾಲಿಗೆಯ ತುದಿಗೆ ಮೂರು ಸಲ ಬಂದು ಹಿಂದೆ ಹೋಯಿತು. ಸುಮ್ಮನೆ ಹೊರಟುಬಿಡೋಣ ಎಂದು ಚಪ್ಪಲಿ ಮೆಟ್ಟಿದೆ. ಗಿರಿಜಾ ಜಗಲಿಯವರೆಗೂ ಬಂದಳು.

"ಅಣ್ಣ, ಒಂದ್ಮಾತು. ಆಪೀಸ್ನಲ್ಲಿ ಇವ್ರ ಹೆಸ್ರು ಯಾರಾರ ಎತ್ತಾರಾ? ಇಲ್ಲ ಎಲ್ಲಾ ಮರ್ತ್ರಾ?"

"ದಿನಾ ಬೆಳಿಗ್ಗೆ ಏಳು ಜನಾನೂ ಅವನ ಹೆಸರು ಹೊಡೆದೇ ಕೆಲಸ ಶುರು ಮಾಡೋದು ಕಣಮ್ಮ" ಎಂದೆ. ಆ ಇಡೀ ತಿಂಗಳಲ್ಲಿ ನಾನಾಡಿದ ನಿಜವಾದ ಮಾತು ಅದೊಂದೇ.

ಅವಳ ಮುಖ ಅರಳಿತು. ಆ ಮುಖ ನೋಡುತ್ತಲೇ, ನಾಚಿಕೆ ಬಿಟ್ಟು, ಪಾಸ್‌ವರ್ಡ್ ಕೇಳಿಯೂ ಬಿಟ್ಟೆ. ಅವಳು ಒಳಗೆ ಹೋಗಿ ಅವನ ಹಳೇ ಡೈರಿ ತಂದಳು. ಕೊನೆಯ ಪುಟದಲ್ಲಿ ಪಾಸ್‌ವರ್ಡ್ ಇತ್ತು. ಅದರ ಕೆಳಗೆ ಅವನ ದುಂಡಗಿನ ಅಕ್ಷರದಲ್ಲಿ ಒಂದು ಸಾಲು: "ಸ್ವಾಮಿ ಕೇಳಿದರೆ ಕೊಡುವುದು. ಎರಡು ಸಲ ಹೇಳುವುದು."

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತೆ. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಬೇಕಾಯಿತು.

ಮಾರನೆಯ ದಿನ ನಾನೇ ದೀಪಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. "ಅಯ್ಯೋ, ಮೊದಲೇ ಹೇಳಬಾರದಿತ್ತಾ ಸರ್" ಎಂದಳು ಅಷ್ಟೇ. ಹೆಸರಿನ ಲೆಕ್ಕದ ಲೈಸೆನ್ಸೇ ಬೇಕೆಂದರೆ ಏಳು ಜನಕ್ಕೂ ಬೇರೆ ಬೇರೆ ಹೆಸರು ಬೇಕು, ತೀರಿಕೊಂಡವರ ಹೆಸರು ಇರುವಂತಿಲ್ಲ ಎಂದು ವಿವರಿಸಿದಳು. "ಆತುರ ಬೇಡ ಸರ್. ಮೊದಲು ಬ್ಯಾಕಪ್ ತಗೊಂಡು, ಗೊತ್ತಿರೋರ ಕೈಲಿ ಮಾಡಿಸಿ."

ಬ್ಯಾಕಪ್ಪಿನ ಮಾತನ್ನು ಅಲ್ಲೇ ಬಿಟ್ಟೆ; ಗೊತ್ತಿರುವವರು ಎಂದರೆ ನಾನೇ ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಮೈಸೂರಿನಿಂದ ಯಾರೋ ಅಪರಿಚಿತ ಬಂದು, ಟೀ ಕುಡಿಯುತ್ತ, ಮಲ್ಲೇಶನ ಹೆಸರನ್ನು ಅಳಿಸಿ ಹೋಗುವುದು ನನಗೆ ಬೇಡವಾಗಿತ್ತು. ಅವನ ಮಣ್ಣಿಗೆ ಹೋದವನು ನಾನು. ಇದನ್ನೂ ನಾನೇ ಮಾಡಬೇಕು.

ಶನಿವಾರ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಸರ್ವರಿನ ಮುಂದೆ ಕೂತೆ. ಡೈರಿಯಲ್ಲಿದ್ದ ಪಾಸ್‌ವರ್ಡ್ ಹೊಡೆದು ಏಳು ಹೊಸ ಹೆಸರು ಸೇರಿಸಿದೆ. ಮಲ್ಲೇಶನ ಹೆಸರಿನ ಮುಂದೆ ಅಳಿಸು ಎಂಬುದನ್ನು ಒತ್ತಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂತು. ಈ ಬಳಕೆದಾರರಿಗೆ ಸೇರಿದ್ದೆಲ್ಲವೂ ಹೋಗುತ್ತದೆ, ಮುಂದುವರಿಯಬಹುದೇ?

ಅವನಿಗೆ ಸೇರಿದ್ದು ಎಂದರೆ ಏನಿದ್ದೀತು? ಒಂದೆರಡು ಪತ್ರ, ಮನೆಯವರ ಒಂದು ಫೋಟೋ ಇರಬಹುದು ಎಂದುಕೊಂಡೆ. ಕಣ್ಣು ಮಂಜಾಗಿತ್ತು. "ಹೋಗ್ಬಾರಪ್ಪ" ಎಂದು ಮನಸ್ಸಿನಲ್ಲೇ ಹೇಳಿ, ಹೌದು ಎಂದು ಒತ್ತಿದೆ.

ಡೇಟಾಬೇಸನ್ನು ಕೂರಿಸಿದವನು ಮಲ್ಲೇಶ. ಅದರೊಳಗಿನ ಪ್ರತಿಯೊಂದು ಪಟ್ಟಿಯನ್ನೂ ತನ್ನ ಹೆಸರಲ್ಲೇ ಮಾಡಿದವನು ಮಲ್ಲೇಶ. ಅವನಿಗೆ ಸೇರಿದ್ದು ಇಡೀ ಆಸ್ಪತ್ರೆ.

ಸೋಮವಾರ ಬೆಳಿಗ್ಗೆ ಏಳೂ ಜನ ತಮ್ಮ ತಮ್ಮ ಹೊಸ ಹೆಸರಿನಿಂದ ಒಳಗೆ ಹೋದೆವು. ಒಳಗೆ ಏನೂ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಆಪರೇಷನ್ನಿಗೆ ಬಂದ ಮೂವತ್ತು ಜನ ಕೂತಿದ್ದರು. ಮೊದಲನೆಯವರು ಚುಂಚನಕಟ್ಟೆಯ ಬೋರೇಗೌಡರು.

"ಗೌಡ್ರೇ, ಹೋದ ಸಲ ಯಾವ ಕಣ್ಣು ಮಾಡಿದ್ದು?"

"ಅದ್ನ ನೀವು ಬರ್ಕೊಂಡಿಲ್ವರಾ?"

"ಬರ್ಕೊಂಡಿದ್ವಿ."

"ಮತ್ತೆ ನೋಡಿ."

ಯಾವ ಕಣ್ಣು ಎಂದು ಡಾಕ್ಟರು ನೋಡಿ ಹೇಳಿದರು. ಆದರೆ ಉಳಿದ ಕಣ್ಣಿಗೆ ತೆಗೆದಿದ್ದ ಅಳತೆ, ರಕ್ತ ಪರೀಕ್ಷೆ, ಎಲ್ಲವನ್ನೂ ಮತ್ತೆ ಮಾಡಬೇಕು. ಎರಡು ವಾರ ಬಿಟ್ಟು ಬನ್ನಿ ಎಂದರು.

"ಬರೋ ವಾರ ಮೊಮ್ಮಗಳ ಮದ್ವೆ ಕಣಪ್ಪ" ಎಂದರು ಗೌಡರು ನನ್ನ ಕಡೆ ತಿರುಗಿ. "ಎರಡ್ ಕಣ್ಣಲ್ಲೂ ನೋಡವ ಅಂತಿದ್ದೆ. ಇರ್ಲಿ ಬುಡು, ನಿಂಗೇನ್ ಗೊತ್ತು, ಮಿಷನ್ ತಪ್ಪು."

ಮಿಷನ್ನಿನ ತಪ್ಪಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅವರು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿಯುವುದನ್ನು ನೋಡುತ್ತ ನಿಂತಿದ್ದೆ.

ಮೈಸೂರಿನಿಂದ ತಂತ್ರಜ್ಞರು ಬಂದರು. ಬ್ಯಾಕಪ್ ಎಲ್ಲಿ ಎಂದು ಕೇಳಿದರು. ಹುಡುಕಿದಾಗ ಮಲ್ಲೇಶನ ಡ್ರಾಯರಿನಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಹಾರ್ಡ್ ಡಿಸ್ಕ್ ಸಿಕ್ಕಿತು. ಅವನು ಪ್ರತಿ ಶನಿವಾರ ತಪ್ಪದೆ ಬ್ಯಾಕಪ್ ತೆಗೆಯುತ್ತಿದ್ದನಂತೆ. ಎದುರಿಗೆ ಕೂತ ನನಗೆ ಅದು ಗೊತ್ತೇ ಇರಲಿಲ್ಲ. ಅವನು ಬದುಕಿದ್ದ ಕೊನೆಯ ಶನಿವಾರದವರೆಗಿನ ಪ್ರತಿಯೊಂದು ದಾಖಲೆಯೂ ವಾಪಸು ಬಂತು. ಹೋದದ್ದು ಆಮೇಲಿನ ಒಂದು ವರ್ಷ. ಅಂದರೆ ನನ್ನ ಮೇಲ್ವಿಚಾರಣೆಯಲ್ಲಿ ನಡೆದ ಕೆಲಸ.

ಕಾರ್ಯದರ್ಶಿಗಳು ನನ್ನಿಂದ ಆ ಪತ್ರ ವಾಪಸು ತೆಗೆದುಕೊಂಡು, ದೀಪಾ ಜೊತೆ ಅರ್ಧ ಗಂಟೆ ಮಾತಾಡಿದರು. ಕೋರ್ ಲೆಕ್ಕದ ಲೈಸೆನ್ಸೇ ನಮಗೆ ಸರಿ ಎಂದು ತೀರ್ಮಾನವಾಯಿತು. ಪೆಟ್ಟಿಗೆಯೊಳಗೆ ಎಂಟು ಕೋರ್ ಇದ್ದವು. ಆ ಬಗೆಯ ಲೈಸೆನ್ಸಿನಲ್ಲಿ ಎಷ್ಟು ಜನ ಬಳಸುತ್ತಾರೆ, ಯಾರು ಬಳಸುತ್ತಾರೆ ಎಂದು ಕೇಳುವುದೇ ಇಲ್ಲ. ಯಾರ ಹೆಸರೂ ಬೇಕಿಲ್ಲ. ಯಾರ ಹೆಸರನ್ನೂ ಅಳಿಸಬೇಕಿರಲಿಲ್ಲ.

ಸಂಜೆ ಮಂಗಳನಿಗೆ ಇದನ್ನೆಲ್ಲ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, "ಉಣ್ಣಿ, ಆರೋಯ್ತದೆ" ಎಂದಳು.

ಈಗ, ಆಮೇಲೆ ಉಗ್ರಾಣದಲ್ಲಿ ಸಿಕ್ಕ ಹೋದ ವರ್ಷದ ಕಾಗದದ ಚೀಟಿಗಳನ್ನು ಗೋಣಿಚೀಲದಿಂದ ತೆಗೆದು ಒಂದೊಂದಾಗಿ ಮತ್ತೆ ತುಂಬುತ್ತಿದ್ದೇನೆ. ಈ ಸಲ ನನ್ನದೇ ಹೆಸರಿನಲ್ಲಿ. ಕಾರ್ಯದರ್ಶಿಗಳು ತಂತ್ರಜ್ಞರಿಗೆ ಹೇಳಿ ನನ್ನ ಅಧಿಕಾರವನ್ನು ಖಚಿತವಾಗಿ ಗೊತ್ತುಮಾಡಿಸಿದ್ದಾರೆ: ಸೇರಿಸಬಹುದು; ತಿದ್ದುವಂತಿಲ್ಲ, ಅಳಿಸುವಂತಿಲ್ಲ. ನಿನ್ನೆ ವೀರನಹೊಸಹಳ್ಳಿಯ ಒಬ್ಬ ಅಜ್ಜಿಯ ಬಲಗಣ್ಣನ್ನು ಎಡಗಣ್ಣು ಎಂದು ಹೊಡೆದುಬಿಟ್ಟೆ. ತಿದ್ದಲು ಹೋದರೆ ಯಂತ್ರ ಒಪ್ಪಲಿಲ್ಲ. ಹೋದ ತಿಂಗಳಷ್ಟೇ ಕೆಲಸಕ್ಕೆ ಸೇರಿದ ನರ್ಸಮ್ಮನನ್ನು ಕರೆದೆ. ಅವರು ಬಂದು ತಿದ್ದಿ ಮುಗಿಸುವವರೆಗೆ, ದಾಖಲೆ ವಿಭಾಗದ ಮುಖ್ಯಸ್ಥನಾದ ನಾನು, ಕುರ್ಚಿಯಿಂದೆದ್ದು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ.