ಬೇರಿಂಗ್ ಕಳಚುವವನೂ ಹೆಂಡತಿಯ ಕಾಲುಂಗುರವೂ

ಕಸುಬು ಕೈಯಲ್ಲಿರುವವರೆಗೆ ತೊಂದರೆಯಿಲ್ಲ, ತಲೆಗೇರಿದರೆ ಮನೆಯವರ ಪಾಡು ಕಷ್ಟ. ಕಂಡಕ್ಟರಾಗಿದ್ದ ನಮ್ಮ ಚಿಕ್ಕಪ್ಪ ಮದುವೆಮನೆಯ ಊಟದ ಪಂಕ್ತಿಯಲ್ಲೂ ‘ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಜಾಗ ಐತೆ’ ಎಂದು ನೆಂಟರನ್ನು ತಳ್ಳುತ್ತಿದ್ದರು. ನಮ್ಮ ಬೀದಿಯ ಮೇಷ್ಟರು ಹುಳಿ ಬಡಿಸುವ ಹೆಂಡತಿಗೂ ನೆಟ್ಟಗೆ ನಿಂತುಕೊಳ್ಳಲು ಹೇಳುತ್ತಾರಂತೆ. ಇವರನ್ನೆಲ್ಲ ನೋಡಿ ನಾನು ಹೊಟ್ಟೆತುಂಬ ನಕ್ಕಿದ್ದೇನೆ. ನನ್ನ ಕಸುಬಿನಿಂದ ಮನೆಗೆ ಉಪಕಾರವೇ ಹೊರತು ಉಪದ್ರವವಿಲ್ಲ ಎಂದು ನಂಬಿದ್ದೆ. ನಾನು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುವವನು. ಅದರಲ್ಲೂ ಶಾಫ್ಟಿಗೆ, ಅಂದರೆ ತಿರುಗುವ ಉಕ್ಕಿನ ದಿಂಡಿಗೆ, ಕಚ್ಚಿಕೊಂಡು ಕೂತ ಬೇರಿಂಗಿನ ಬಳೆಗಳನ್ನು ಕಳಚುವುದು ನನ್ನ ಪಾಲಿನ ಕೆಲಸ.

ಆ ಬಳೆಗಳು ಸುತ್ತಿಗೆ ಪೆಟ್ಟಿಗೆ ಜಗ್ಗುವುದಿಲ್ಲ. ಹೊಡೆದಷ್ಟೂ ಶಾಫ್ಟಿಗೆ ಗಾಯ. ಅವನ್ನು ಕಾಯಿಸಬೇಕು. ಕಾದ ಬಳೆ ಹಿಗ್ಗುತ್ತದೆ, ಒಳಗಿನ ಶಾಫ್ಟ್ ಇನ್ನೂ ತಣ್ಣಗಿರುತ್ತದೆ, ಆಗ ಬಿಡುವ ಕೂದಲೆಳೆಯಷ್ಟು ಸಂದಿನಲ್ಲಿ ಬಳೆಯನ್ನು ಜಾರಿಸಿಬಿಡಬೇಕು. ಇಲ್ಲಿ ಬೇಕಾದದ್ದು ಆತುರ. ಮಿಕ್ಕ ಎಲ್ಲ ಕಡೆ ಆತುರಕ್ಕೆ ಬೈಸಿಕೊಂಡ ನಾನು ಹೊಗಳಿಸಿಕೊಂಡದ್ದು ಇದೊಂದರಲ್ಲೇ. ತಡಮಾಡಿದರೆ ಬಿಸಿ ಶಾಫ್ಟಿಗೂ ಇಳಿದು, ಎರಡೂ ಒಟ್ಟಿಗೆ ಹಿಗ್ಗಿ, ಮತ್ತೆ ಮೊದಲಿನಂತೆ ಕಚ್ಚಿಕೊಳ್ಳುತ್ತವೆ. ನನ್ನ ಜೊತೆ ಕೆಲಸ ಮಾಡುವ ನಂಜುಂಡ ಆಗ ‘ಶಾಫ್ಟ್ ಕಾಯಿಸ್ಬುಟ್ಟೆ ಕಣ್ಲಾ’ ಎಂದು ಹಲ್ಲು ಕಿರಿದು ಟೀ ಕುಡಿಯಲು ಹೊರಟುಬಿಡುತ್ತಾನೆ. ಕನಕಪುರದ ನಮ್ಮ ಬೀದಿಯಲ್ಲೂ ನನಗೆ ಒಸಿ ಹೆಸರಿದೆ. ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟಗಳನ್ನು ಅಕ್ಕಪಕ್ಕದವರು ನಮ್ಮ ಮನೆಗೆ ತರುತ್ತಾರೆ. ಹೊರಗಿನದಕ್ಕೆ ಬಿಸಿನೀರು, ಒಳಗಿನದಕ್ಕೆ ತಣ್ಣೀರು. ಲೋಟ ಬಿಟ್ಟುಕೊಂಡಾಗ ಅವರ ಮುಖ ನೋಡಬೇಕು, ನಾನೇನೋ ಹೆರಿಗೆ ಮಾಡಿಸಿದಂತೆ ನಿಂತಿರುತ್ತೇನೆ.

ಈ ಬಿಂಕ ಇಳಿದದ್ದು ನನ್ನ ಹೆಂಡತಿ ಭಾಗ್ಯಳ ಕಾಲಿನಿಂದ. ಕೆಲವು ತಿಂಗಳಿಂದ ಅವಳಿಗೆ ಸೊಂಟನೋವು. ಮೊದಮೊದಲು ಎಣ್ಣೆ ತಿಕ್ಕಿಕೊಂಡು ಸುಮ್ಮನಿದ್ದಳು. ಆಮೇಲೆ ಎಡಗಾಲು ಜೋಮು ಹಿಡಿದು ಪಾದ ಊದಿಕೊಂಡಿತು, ಚಪ್ಪಲಿ ಕಾಲಿನಿಂದ ಜಾರಿದ್ದೂ ತಿಳಿಯದೆ ಸಂತೆಯಿಂದ ಮನೆತನಕ ನಡೆದುಬಂದಳು. ಬೆನ್ನುಮೂಳೆಯಲ್ಲಿ ಏನೋ ನರವನ್ನು ಒತ್ತುತ್ತಿದೆ, ಗಂಟೋ ಮತ್ತೊಂದೋ ಸ್ಕ್ಯಾನ್ ಆಗದೆ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಮರುದಿನ ಬೆಳಿಗ್ಗೆಯೇ ರಾಮನಗರಕ್ಕೆ ಬರಬೇಕು, ಮೈಮೇಲೆ ಯಾವ ಲೋಹವೂ ಇರಕೂಡದು. ಓಲೆ, ಬಳೆ, ತಾಳಿಯ ಸರ, ಬಲಗಾಲಿನ ಉಂಗುರ ಎಲ್ಲ ಬಂದವು. ಎಡಗಾಲಿನ ಕಾಲುಂಗುರ ಬರಲಿಲ್ಲ. ಅದು ಈಗಿನ ಸುರುಳಿಯಂಥದ್ದಲ್ಲ, ಉಯ್ಯಂಬಳ್ಳಿಯ ಅವಳ ಅಪ್ಪ ಬೆಸುಗೆ ಹಾಕಿಸಿ ಮಾಡಿಸಿದ ಗಟ್ಟಿ ಬೆಳ್ಳಿ. ಊದಿದ ಬೆರಳಿನಲ್ಲಿ ಹೂತುಹೋಗಿತ್ತು.

ತಾಳಿಯ ಜಾಗಕ್ಕೆ ಅರಿಶಿನದ ದಾರ ಕಟ್ಟಿಕೊಂಡಿದ್ದ ಅವಳಿಗೆ ಇದೊಂದಾದರೂ ಬರದಿದ್ದದ್ದೇ ಸಮಾಧಾನ. ಗಂಡ ಬದುಕಿರುವಾಗ ಕಾಲುಂಗುರ ತೆಗೆಯುವುದೆಂದರೆ ನಮ್ಮ ಕಡೆ ಹೆಂಗಸರು ಬಾಗಿಲು ಹಾಕಿಕೊಂಡೂ ಆಡದ ಮಾತು. ಇತ್ತ ನನಗೆ ಹುರುಪು ಬಂತು. ಬಿಗಿಯಾದ ಉಂಗುರ, ಅದೂ ನನ್ನ ಮನೆಯಲ್ಲೇ! ಬಕೆಟ್ಟಿನಲ್ಲಿ ಬಿಸಿನೀರು ತಂದು ಅವಳ ಕಾಲನ್ನು ಇಳಿಬಿಟ್ಟೆ. ಬಿಸಿ ತಾಗಿತೇ ಎಂದು ಕೇಳಿದರೆ, ಎಲ್ಲಿ ಬಿಸಿ, ತಣ್ಣಗೇ ಐತಲ್ಲ ಎಂದಳು. ಇನ್ನೊಂದು ಚೊಂಬು ಸುರಿದೆ. ಮತ್ತೂ ತಣ್ಣಗೇ ಇದೆಯೆಂದಳು. ಒಲೆಯ ಮೇಲಿದ್ದದ್ದನ್ನೂ ತಂದು ಸುರಿದು, ಉಂಗುರ ತಿರುಗಿಸೋಣವೆಂದು ನಾನೇ ಕೈ ಅದ್ದಿದೆ. ಚುರ್ ಎಂದು ಸುಟ್ಟಿತು. ಅವಳು ಗೋಡೆಗೆ ಒರಗಿ, ನಾಳೆ ಯಾವ ಸೀರೆ ಉಡಲಿ ಎಂದು ಯೋಚಿಸುತ್ತಿದ್ದಳು. ಕಾಲನ್ನು ಎತ್ತಿದರೆ ಕೆಂಡದಂತೆ ಕೆಂಪಾಗಿದೆ, ಬೆರಳು ಇನ್ನೂ ದಪ್ಪವಾಗಿ ಉಂಗುರದ ಅಂಚೂ ಕಾಣುತ್ತಿಲ್ಲ. ಏನೂ ತೋಚದೆ ನಂಜುಂಡನಿಗೆ ಫೋನ್ ಮಾಡಿದೆ. ಎಲ್ಲ ಕೇಳಿದ ಅವನು ನಗಲಿಲ್ಲ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ‘ಶಾಫ್ಟ್ನೇ ಕಾಯಿಸ್ಬುಟ್ಯಲ್ಲಪ್ಪ’ ಎಂದು ಮೆಲ್ಲಗೆ ಹೇಳಿ, ತಣ್ಣೀರಲ್ಲಿಟ್ಟು ದಿಂಬಿನ ಮೇಲೆ ಕಾಲೆತ್ತಿಸಿ ಮಲಗಿಸು ಎಂದ.

ಬೆಳಗಾದರೂ ಊತ ಇಳಿಯಲಿಲ್ಲ. ಬಿಸಿಗೆ ಬರದ ಬಳೆಯನ್ನು ನಾವು ಕಾರ್ಖಾನೆಯಲ್ಲಿ ಕೊಯ್ಯುತ್ತೇವೆ. ಅದನ್ನು ಅವಳ ಮುಂದೆ ಹೇಳಲು ನಾಲಿಗೆ ಏಳದೆ ಹಿತ್ತಿಲಿಗೂ ನಡುಮನೆಗೂ ಓಡಾಡಿದೆ. ಕೊನೆಗೆ ಅವಳೇ ಬಾಯಿಬಿಟ್ಟಳು.

‘ಕುಯ್ಯದಾದ್ರೆ ನೀವೇ ಕುಯ್ರಿ. ಬ್ಯಾರೇರ ಕೈಲಿ ಬ್ಯಾಡ. ತೊಡಿಸ್ದೋರು ನೀವೇ ತಾನೇ.’

ಬೆರಳಿಗೂ ಉಂಗುರಕ್ಕೂ ನಡುವೆ ಒಂದು ತೆಳು ಸ್ಟೀಲ್ ಪಟ್ಟಿ ತೂರಿಸಿ, ಗರಗಸದ ಬ್ಲೇಡು ಹಿಡಿದು ಜಗುಲಿಯಲ್ಲಿ ಕೂತೆ. ಎಂತೆಂಥ ಬಳೆಗಳನ್ನೋ ಸೀಳಿದ ನಾನು ಈ ಚೂರು ಬೆಳ್ಳಿಯ ಮೇಲೆ ಬ್ಲೇಡನ್ನು ಮೂರು ಸಲ ಇಟ್ಟು ಮೂರು ಸಲ ಎತ್ತಿದೆ. ಬ್ಲೇಡು ಆಡಿದಂತೆಲ್ಲ ಉಂಗುರ ಬಿಸಿಯಾಗುತ್ತಿತ್ತು, ನಾನು ಪದೇ ಪದೇ ತಣ್ಣೀರು ಹನಿಸುತ್ತಿದ್ದೆ. ಉರಿದರೆ ಹೇಳು ಎನ್ನುವ ಹಾಗೂ ಇರಲಿಲ್ಲ. ಅವಳು ಕಾಲನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಅಲ್ಲೇ ಉರುಳಿಬೀಳುತ್ತೇನೋ ಎಂಬಂತೆ. ಉಂಗುರ ಬಿಟ್ಟುಕೊಂಡ ಕೂಡಲೇ ಆ ಬೆರಳಿಗೂ ಅರಿಶಿನದ ದಾರ ಕಟ್ಟಿಸಿಕೊಂಡು, ಸಾವನದುರ್ಗದ ಬೆಟ್ಟದ ದೇವರ ದಿಕ್ಕಿಗೆ ಕೈಮುಗಿದು ನನ್ನ ಹೆಸರಿನಲ್ಲಿ ಹರಕೆ ಕಟ್ಟಿದಳು. ರೋಗ ಅವಳದು, ಹರಕೆ ನನ್ನದು.

ರಾಮನಗರದಲ್ಲಿ ಒಳಗೆ ಕರೆದೊಯ್ಯುವ ಮುಂಚೆ ನನ್ನನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ತಾನು ಬರುವವರೆಗೆ ಏಳಕೂಡದು ಎಂದು ಆಣೆ ಹಾಕಿದಳು. ಕೂತೆ. ನೆಲ ಒರೆಸಲು ಬಂದ ಹೆಂಗಸು ಪಕ್ಕಕ್ಕೆ ಸರಿಯಲು ಹೇಳಿದರೆ ಸರಿಯದೆ ಕಾಲೆರಡನ್ನೂ ಮೇಲೆತ್ತಿಕೊಂಡೆ. ಅವಳು ನನ್ನನ್ನು ತಲೆಕೆಟ್ಟವನೆಂದುಕೊಂಡು ಸುತ್ತಲೂ ಒರೆಸಿಕೊಂಡು ಹೋದಳು. ಮೂತ್ರಕ್ಕೆ ಅವಸರವಾದರೂ ಹಲ್ಲು ಕಚ್ಚಿ ಕೂತೇ ಇದ್ದೆ. ಒಳಗಿನಿಂದ ಯಂತ್ರ ದಡದಡ ಬಡಿಯುವ ಸದ್ದು. ಯಾವ ಯಂತ್ರದ ಸದ್ದು ಕೇಳಿದರೂ ಕೆಟ್ಟಿರುವುದು ಎಲ್ಲಿ ಎಂದು ಹೇಳುವ ನನಗೆ, ಅದು ಹಾಗೆ ಬಡಿಯುವುದು ಸರಿಯೋ ತಪ್ಪೋ ಗೊತ್ತಾಗದೆ ಅಳು ಬಂತು.

ಗಾಲಿಕುರ್ಚಿಯಲ್ಲಿ ಹೊರಗೆ ಬಂದವಳು ಮೊದಲು ನನ್ನ ಕಡೆ ನೋಡಿದಳು.

‘ಇದ್ದೀರಾ?’

‘ಇದ್ದೀನಿ ಕಣೆ.’

ಅಷ್ಟಕ್ಕೇ ಅವಳಿಗೆ ನಗು ಬಂತು. ನಾನು ಜೀವಂತವಾಗಿರುವುದು ಖಾತ್ರಿಯಾದ ಮೇಲೆ ಅವಳ ಪಾಲಿಗೆ ಆ ದಿನದ ಗಂಡಾಂತರ ಕಳೆದಿತ್ತು.

ವರದಿ ಇನ್ನೂ ಬಂದಿಲ್ಲ. ನನಗಂತೂ ಯಾವ ಕಾಯಿಲೆಯೂ ಇಲ್ಲ, ಕೋಣನ ಹಾಗಿದ್ದೇನೆ. ಆದರೂ ಅವಳು ದಿನಕ್ಕೆ ಹತ್ತು ಸಲ ನನ್ನನ್ನು ಎಣ್ಣೆ ಕಮ್ಮಿ ತಿನ್ನಿ, ಗಾಡಿ ನಿಧಾನ ಓಡಿಸಿ ಎಂದು ಎಚ್ಚರಿಸುತ್ತಾಳೆ. ನನಗೆ ಏನಾದರೂ ಆದರೆ ಅವಳ ಮೈಮೇಲಿಂದ ಏನೇನು ತೆಗೆಯಬೇಕೆಂದು ಊರಿಗೆಲ್ಲ ಗೊತ್ತಿದೆ. ನಾನು ಈಚೆಗೆ ಸ್ನಾನಕ್ಕೆ ನಿಂತಾಗ ನನ್ನ ಮೈಯನ್ನು ಒಮ್ಮೆ ನೋಡಿಕೊಂಡೆ. ಕತ್ತು, ಕೈಬೆರಳು, ಕಾಲು ಎಲ್ಲವನ್ನೂ ನೋಡಿದೆ. ಇಷ್ಟು ವರ್ಷ ಉಂಗುರ ಕಳಚುವುದನ್ನೇ ಕಸುಬು ಮಾಡಿಕೊಂಡ ನನ್ನ ಮೈಮೇಲೆ, ಅವಳಿಗೇನಾದರೂ ಆದರೆ ಕಳಚಿಡಲು ಒಂದು ತುಂಡು ಬೆಳ್ಳಿಯೂ ಇಲ್ಲ.