ಸೋದರಮಾವನವರ ಮೂಲ ಕುರಿತ ವಿವರಣೆ

ನಮ್ಮ ಸೋದರಮಾವನವರು ಸಾವಿರಾರು ವರ್ಷಗಳ ಹಿಂದೆ ಅಗಲಿಹೋದ ಬಂಧುಗಳನ್ನು ಮುಖ ನೋಡಿಯೇ ಗುರುತಿಸುತ್ತಾರೆ, ಆದರೆ ನಿನ್ನೆ ಮನೆಗೆ ಬಂದು ಉಂಡು ಹೋದ ನೆಂಟರನ್ನು ಇಂದು ಗುರುತಿಸುವುದಿಲ್ಲ ಎಂಬ ಅಂಶವನ್ನು ಓದುಗ ಮಹನೀಯರ ಅವಗಾಹನೆಗೆ ಮೊದಲಲ್ಲೇ ತರಬಯಸುತ್ತೇನೆ. ಇದು ನನ್ನ ಮೊದಲ ಬರಹ. ಇದುವರೆಗೆ ನಾನು ಬರೆದಿರುವುದೆಲ್ಲ ರಜೆಯ ಅರ್ಜಿಗಳು ಮತ್ತು ಜ್ಞಾಪನ ಪತ್ರಗಳು. ಆ ವಿದ್ಯೆಯನ್ನು ಕಲಿಸಿದವರೂ ಹೊಸಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಸದರಿ ಮಾವನವರೇ. ಆದಕಾರಣ ಇಲ್ಲಿ ಲೋಪದೋಷಗಳು ಕಂಡುಬಂದಲ್ಲಿ ಅವರನ್ನೇ ಹೊಣೆಗಾರರನ್ನಾಗಿ ಮಾಡತಕ್ಕದ್ದು!

ಆಗ ಅದಿರಿನ ಕಾಲ. ಸಂಡೂರು ರಸ್ತೆಯುದ್ದಕ್ಕೂ ಲಾರಿಗಳು, ಲಾರಿಗಳ ಹಿಂದೆ ಲಾರಿಗಳು, ಎಲ್ಲದರ ಮೇಲೂ ಕೆಂಪು ಧೂಳು. ಊರಿನವರು ಆ ಸಾಲನ್ನು ಕಂಡು ಶಪಿಸುತ್ತಿದ್ದರೆ ಮಾವನವರು ಮಾತ್ರ ಹಬ್ಬದೂಟಕ್ಕೆ ಕರೆ ಬಂದವರಂತೆ ಹೊರಡುತ್ತಿದ್ದರು. ದೇಶದ ಮೂಲೆಮೂಲೆಯ ಜನರು ತಾವಾಗಿಯೇ ಬಂದು ಸಾಲಾಗಿ ನಿಂತಿರುವಾಗ ವಿಚಾರಣೆ ನಡೆಸದೆ ಬಿಡಲಾದೀತೇ?

“ಯಾವೂರಪಾ ನಿಂದು?”

“ಸೇಲಂ, ಸಾರ್.”

“ಅದಕ್ಕ ಮೊದ್ಲು?”

“ತಾತ ಮಧುರೈ ಕಡೆಯವರು.”

“ಅದಕ್ಕ ಮೊದ್ಲು ಎಲ್ಲಿದ್ರಿ?”

“ಸಾರ್, ಮೊನ್ನೆಯಿಂದ ಇದೇ ಲೈನಲ್ಲಿದ್ದೀನಿ. ಹಿಂದಿನದು ಬಿಡಿ, ಲಾರಿ ಮುಂದಕ್ಕೆ ಯಾವಾಗ ಹೋಗುತ್ತೆ, ಅದನ್ನ ಹೇಳಿ.”

ಈ ಚಟಕ್ಕೆ ಶಾಸ್ತ್ರದ ಬೆಂಬಲ ದೊರೆತದ್ದು ಊರಿನ ಕಾಲೇಜಿನಲ್ಲಿ ನಡೆದ ಒಂದು ಉಪನ್ಯಾಸದಿಂದ. ತಾಯಿಯು ತನ್ನ ಮಕ್ಕಳೆಲ್ಲರಿಗೂ ಜೀವಕೋಶದೊಳಗೆ ಒಂದು ಗುರುತನ್ನು ಕೊಡುತ್ತಾಳೆ, ಮಗಳು ಅದನ್ನು ತನ್ನ ಮಕ್ಕಳಿಗೆ ದಾಟಿಸುತ್ತಾಳೆ; ಹೀಗೆ ತಾಯಿಯಿಂದ ತಾಯಿಗೆ ಹಿಂದೆ ಹಿಂದೆ ನಡೆದರೆ ಭೂಮಿಯ ಮೇಲಿನ ಜನರೆಲ್ಲರೂ ಆಫ್ರಿಕಾದ ಒಬ್ಬಳೇ ತಾಯಿಯನ್ನು ತಲುಪುತ್ತಾರೆ ಎಂದು ಯುವ ಮಹಿಳಾ ವಿಜ್ಞಾನಿಯೊಬ್ಬರು ವಿವರಿಸಿದರಂತೆ. ಆ ತಾಯಿಯ ಸಂತತಿಯಲ್ಲಿ ಕೆಲವರು ಕಡಲ ದಂಡೆ ಹಿಡಿದು ನಡೆಯುತ್ತ ನಮ್ಮ ಕಡೆಗೂ ಬಂದರಂತೆ.

ಮರುವಾರವೇ ಮಾವನವರು ಹಂಪಿಯಿಂದ ಆರಡಿ ಎತ್ತರದ ಬಿಳಿಯನೊಬ್ಬನನ್ನು ಆಟೋದಲ್ಲಿ ಕೂರಿಸಿಕೊಂಡು ನಮ್ಮ ಮನೆಗೆ ಬಂದರು. ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ಯಾರಲೇ ಇಂವ?”

“ನಮ್ಮ ಅಣ್ಣತಮ್ಮರ ಪೈಕಿ, ಅಕ್ಕ. ಸ್ವಲ್ಪ ದೂರದ ಸಂಬಂಧ.”

“ಎಷ್ಟು ದೂರ?”

“ಆಫ್ರಿಕಾದಾಗ ಬ್ಯಾರೆ ಆದ್ವಿ.”

“ಬ್ಯಾರೆ ಆಗುವಾಗ ಹೊಲ ಹಂಚ್ಕೊಂಡ್ರೋ, ಹಂಗs ಬಂದ್ರೋ?” ಎಂದು ಕೇಳಿ, ಅವ್ವ ಆ ದೂರದ ದಾಯಾದಿಗೆ ನಾಲ್ಕು ರೊಟ್ಟಿ ಬಡಿಸಿದಳು. ಆತನು ಆರು ತಿಂದನು.

ಇಷ್ಟೆಲ್ಲ ಹುಡುಕಾಟಕ್ಕೆ ಒಂದು ಕಾರಣವಿತ್ತು. ಅದನ್ನು ಊರೆಲ್ಲ ಬಲ್ಲದು, ಆದ್ದರಿಂದ ಮರೆಮಾಚುವುದಿಲ್ಲ. ಮಾವನವರು ನಮ್ಮಜ್ಜಿ ಹೆತ್ತ ಮಗನಲ್ಲ. ತುಂಗಭದ್ರೆಗೆ ಅಣೆಕಟ್ಟು ಕಟ್ಟುವಾಗ ಎಲ್ಲೆಲ್ಲಿಂದಲೋ ಕೂಲಿಯವರು ಬಂದಿದ್ದರು. ಒಂದು ಕ್ಯಾಂಪು ಖಾಲಿಯಾದಾಗ ಒಂದು ಕೂಸು ಉಳಿದಿತ್ತು. ಆ ಕೂಸು ನಮ್ಮ ಮನೆಯಲ್ಲಿ ಬೆಳೆಯಿತು, ಓದಿತು, ಗುಮಾಸ್ತನಾಯಿತು. ಯಾರ ಮನೆಯಲ್ಲಿಯೂ ಅದು ದೊಡ್ಡ ಮಾತಾಗಿರಲಿಲ್ಲ, ನನ್ನ ಮದುವೆ ಗೊತ್ತಾಗುವ ತನಕ.

ವರನ ಕಡೆಯವರು ಕಂಪ್ಲಿಯವರು, ಅಕ್ಕಿ ಗಿರಣಿಯವರು. ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಹಂದರಕ್ಕೆ ತರುವುದು, ಬಾಸಿಂಗ ಕಟ್ಟುವುದು ಸೋದರಮಾವನ ಹಕ್ಕು. ವರನ ದೊಡ್ಡಪ್ಪನವರು ವೀಳ್ಯದ ದಿನ ಎಲೆಗೆ ಸುಣ್ಣ ಸವರುತ್ತ ಮೆಲ್ಲಗೆ ಹೇಳಿದರು: “ತಪ್ಪು ತಿಳೀಬ್ಯಾಡ್ರಿ ಬೀಗರs. ಶಾಸ್ತ್ರಕ್ಕ ರಕ್ತ ಸಂಬಂಧದ ಮಾವ ಇದ್ರ ಚಲೋ. ನಿಮ್ಮ ಕಡೆ ಬ್ಯಾರೆ ಯಾರರ ಇದ್ರ ನೋಡ್ರಿ.”

ಅವ್ವ ಎದ್ದೇ ಬಿಟ್ಟಿದ್ದಳು. ಮಾವನವರು ಅವಳನ್ನು ಕೂರಿಸಿ, ಜೇಬಿನಿಂದ ಪೆನ್ನು ತೆಗೆದು, ಅಲ್ಲಿಯೇ ಒಂದು ಮುಚ್ಚಳಿಕೆ ಬರೆದುಕೊಟ್ಟರು. ತಮ್ಮ ಮತ್ತು ತಮ್ಮ ಅಕ್ಕನವರ ತಾಯಿಗುರುತನ್ನು ಪರೀಕ್ಷೆಗೆ ಒಳಪಡಿಸುವುದಾಗಿಯೂ, ಹೊಂದಿಕೆಯಾಗದಿದ್ದಲ್ಲಿ ಸೋದರಮಾವನ ಸ್ಥಾನದಿಂದ ಸ್ವಇಚ್ಛೆಯಿಂದ ಹಿಂದೆ ಸರಿಯುವುದಾಗಿಯೂ ಅದರಲ್ಲಿತ್ತು. ಸಾಕ್ಷಿದಾರರಾಗಿ ದೊಡ್ಡಪ್ಪನವರೇ ರುಜು ಹಾಕಿದರು. ಹೊಂದೀತೆಂದು ಮಾವನವರು ಹೇಗೆ ನಂಬಿದರು? ಅಜ್ಜಿಯ ತಂಗಿಯೋ, ದೂರದ ಬಳಗದವಳೋ ಆ ಕ್ಯಾಂಪಿನಲ್ಲಿ ಕೂಲಿಗಿದ್ದಿರಬಹುದಲ್ಲವೇ ಎಂಬ ಒಂದು ಆಸೆ ಅವರಿಗೆ ಐವತ್ತು ವರ್ಷಗಳಿಂದ ಇತ್ತು.

ಆ ವಿಜ್ಞಾನಿಯು ಸಂಡೂರಿನಲ್ಲಿ ಮಾದರಿಗಳನ್ನು ಸಂಗ್ರಹಿಸುತ್ತಿದ್ದರು. ಮಾವನವರು ನಮ್ಮನ್ನಷ್ಟೇ ಅಲ್ಲ, ಸಾಕ್ಷಿದಾರರ ಹಾಜರಿ ಕಡ್ಡಾಯವೆಂದು ದೊಡ್ಡಪ್ಪನವರನ್ನೂ ಜೀಪಿನಲ್ಲಿ ಹೇರಿಕೊಂಡು ಹೋದರು. ಮಾದರಿಯೆಂದರೆ ಬೇರೇನೂ ಅಲ್ಲ: ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯೊಳಗೆ ಆಡಿಸಿ ಕೊಟ್ಟರಾಯಿತು. ಮಾವನವರು ಆಡಿಸಿದರು. ಬಳಿಕ ನೆಟ್ಟಗೆ ನಲ್ಲಿಯ ಬಳಿ ಹೋಗಿ, ಕಡ್ಡಿಯನ್ನು ಮೂರು ಸಲ ತೊಳೆದು, ಪಂಚೆಯ ತುದಿಯಿಂದ ಒರೆಸಿ, ಎರಡೂ ಕೈಯಿಂದ ಒಪ್ಪಿಸಿದರು.

“ಸರ್, ತೊಳೆದುಬಿಟ್ಟಿರಾ?”

“ಹೌದವಾ. ಕಲಿತಾಕಿ ನೀನು, ನಿನ್ನ ಕೈಯಾಗ ಎಂಜಲ ಇಡಾಕ ಆಗ್ತೈತೇನು?”

“ನಮಗೆ ಬೇಕಾಗಿರುವುದೇ ಅದು, ಸರ್.”

ಎರಡನೆಯ ಕಡ್ಡಿ ಕೊಟ್ಟರು. ಅದನ್ನು ಅವ್ವ ತೊಳೆದಳು. ಮೂರನೆಯದನ್ನು, ಇಷ್ಟೂ ಹೊತ್ತು ನೋಡುತ್ತ ಕುಳಿತಿದ್ದ ದೊಡ್ಡಪ್ಪನವರು, “ನಿಮಗ ಬುದ್ಧಿ ಇಲ್ಲ, ಕೊಡ್ರಿ ಇಲ್ಲಿ” ಎಂದು ಕಸಿದುಕೊಂಡು ತಮ್ಮ ಬಾಯಿಯಲ್ಲಿ ಆಡಿಸಿ ತೋರಿಸಿದರು, ತೊಳೆಯದೆ ಕೊಟ್ಟರು. ಹೀಗೆ ಅವರ ಮಾದರಿಯೂ ದಾಖಲಾಯಿತು. ಕೊನೆಗೆ ವಿಜ್ಞಾನಿಯು ನಲ್ಲಿಗೆ ಅಡ್ಡಲಾಗಿ ನಿಂತುಕೊಂಡು ನಮ್ಮವರಿಬ್ಬರ ಕಡ್ಡಿಗಳನ್ನು ಪಡೆದರು.

ಒಬ್ಬೊಬ್ಬರ ಫಲಿತಾಂಶವನ್ನು ತಿಳಿಸುವ ಪದ್ಧತಿ ಇರಲಿಲ್ಲವಂತೆ. ಆದರೆ ಮಾವನವರ ಜ್ಞಾಪನ ಪತ್ರಗಳನ್ನು ತಡೆದುಕೊಂಡವರು ಯಾರಿದ್ದಾರೆ? ಮದುವೆಯ ಮುನ್ನಾದಿನ ಉತ್ತರ ಬಂತು. ಮಾವನವರು ಒಬ್ಬರೇ ಓದಿಕೊಂಡರು. ಯಾರಿಗೂ ತೋರಿಸಲಿಲ್ಲ.

ಮರುದಿನ ಹಂದರದಲ್ಲಿ ಮದುವೆ ಮಾಡಿಸುವ ಅಯ್ಯನವರು, “ಸೋದರಮಾವ ಎಲ್ಲಿ? ಜಲ್ದಿ ಬರ್ರಿ” ಎಂದು ಕೂಗಿದಾಗ, ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಮಾವನವರು ಪನ್ನೀರುದಾನಿಯನ್ನು ಕೆಳಗಿಟ್ಟು, ಕಾಗದ ಬಿಚ್ಚಿ, ನೆರೆದವರ ಮುಂದೆ ಓದಿದರು. ಅಕ್ಕನವರ ತಾಯಿಗುರುತು ಒಂದು ಕವಲಿನದು. ತಮ್ಮದು ಬೇರೊಂದು ಕವಲಿನದು. ಸಾಕ್ಷಿದಾರರಾದ ಕಂಪ್ಲಿಯ ಹಿರಿಯರ ಗುರುತು ಈ ಎರಡನೆಯ ಕವಲಿಗೇ ಸೇರಿದೆ. ಇದರಿಂದ ಹತ್ತಿರದ ನೆಂಟಸ್ತಿಕೆಯೇನೂ ಸಿದ್ಧವಾಗುವುದಿಲ್ಲ, ಕವಲುಗಳು ಬಹಳ ಹಳೆಯವು ಎಂಬ ಕೊನೆಯ ವಾಕ್ಯವೂ ಇತ್ತು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ಮುಚ್ಚಳಿಕೆ ಪ್ರಕಾರ ನಾ ಹಿಂದ ಸರೀತೀನ್ರಿ,” ಎಂದರು ಮಾವನವರು.

ದೊಡ್ಡಪ್ಪನವರು ಎದ್ದು ನಿಂತರು. ಅವರ ಮುಖದಲ್ಲಿ ಲೆಕ್ಕ ತಪ್ಪಿದವರ ಗಾಬರಿಯಿತ್ತು. “ತಡೀರಿ. ಅಂದ್ರ ಇವ್ರು, ನಾನು, ಒಂದs ಬಳ್ಳಿ ಅಂದಂಗಾತು. ನನ್ನ ತಮ್ಮ ಆಗಬೇಕು. ಗಂಡಿನ ಕಡ್ಯಾಂವ! ಬಾರಪಾ, ಇಲ್ಲಿ ಕುಂದ್ರು ಬಾ.” ಹೀಗೆಂದು ಮಾವನವರ ಕೈ ಹಿಡಿದು ತಮ್ಮ ಕಡೆ ಎಳೆದರು.

ಅವ್ವ ಆರತಿ ತಟ್ಟೆಯನ್ನು, ಬಾಗಿಲಲ್ಲಿ ಕಾದು ನಿಂತಿದ್ದ ನನ್ನ ಕೈಗೆ ಕೊಟ್ಟು ಬಂದಳು.

“ಅವನ ಕೈ ಬಿಡ್ರಿ ಬೀಗರs.”

“ಕಾಗದದಾಗ ಐತ್ರಿ ತಂಗಿ.”

“ಕಾಗದ ನೀವs ಇಟ್ಕೋರಿ.” ಅವಳು ಮಾವನವರ ಕಡೆ ತಿರುಗಿದಳು. “ನಿನ್ನ ಕ್ಯಾಂಪಿನಿಂದ ಎತ್ಕೊಂಡು ಬಂದಾಕಿ ಅವ್ವ ಅಂತ ತಿಳಿದೀಯಲ್ಲ, ಅವ್ವ ಅಲ್ಲಲೇ. ನಾನು. ನನಗ ಏಳು ವರ್ಷ. ಎಲ್ಲಿಂದ ತಂದೀಯೋ ಅಲ್ಲೇ ಇಟ್ಟು ಬಾ ಅಂದ್ಲು ಅವ್ವ. ನಿನ್ನ ಅವಚ್ಕೊಂಡು ದನದ ಕೊಟ್ಟಿಗ್ಯಾಗ ಕುಂತೆ. ಎರಡು ದಿನ ಉಣ್ಣಲಿಲ್ಲ, ಹೊರಗ ಬರಲಿಲ್ಲ. ಮಂದಿಗೆಲ್ಲ ತಮ್ಮಂದಿರಿದ್ರು. ನನಗೂ ಬೇಕಾಗಿದ್ದ.”

ಐವತ್ತೈದು ದಾಟಿದ ಮಾವನವರು ಬಹಳ ಸಣ್ಣ ದನಿಯಲ್ಲಿ ಕೇಳಿದರು: “ಎರಡು ದಿನ ನೀ ಏನೂ ಉಣ್ಣಲಿಲ್ಲೇನು, ಅಕ್ಕ?”

“ನೀ ಉಂಡಿದ್ದಿ. ಆಡಿನ ಹಾಲು. ಬೆರಳು ಅದ್ದಿ ಅದ್ದಿ ನಾನs ಕುಡಿಸಿದ್ದೆ.”

ದೊಡ್ಡಪ್ಪನವರು ಕೈ ಬಿಟ್ಟರು. ಬಿಟ್ಟ ಕೈಯಿಂದಲೇ ಬಾಸಿಂಗವನ್ನು ಎತ್ತಿ ಮಾವನವರಿಗೆ ಕೊಟ್ಟರು.

ಮಾವನವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದಕಾರಣ ಅದನ್ನು ವಾರೆಯಾಗಿ ಕಟ್ಟಿದರು. ನನ್ನ ಮದುವೆಯ ಅಷ್ಟೂ ಫೋಟೋಗಳಲ್ಲಿ ಬಾಸಿಂಗವು ಎಡಕ್ಕೆ ವಾಲಿದೆ. ಫೋಟೋದವನು ಸರಿಪಡಿಸಲು ಬಂದಿದ್ದನು. ಮುಟ್ಟಬಾರದೆಂದು ನಾನೇ ತಡೆದೆನು.