ಪಕ್ಕದ ಮನೆಯ ಇಪ್ಪತ್ತಾರು

ರಾಮಪ್ರಸಾದನಿಗೆ ಬಿ.ಪಿ. ಇರಲಿಲ್ಲ, ಶುಗರ್ ಇರಲಿಲ್ಲ. ಇದ್ದದ್ದು ಪಕ್ಕದ ಮನೆಯ ಶ್ರೀಕಾಂತ. ಆ ಮನುಷ್ಯ ಕೆಟ್ಟವನೇನಲ್ಲ. ಕಂಡಾಗ ನಗುತ್ತಾನೆ, ಕರೆಂಟು ಹೋದರೆ ಇಡೀ ಬೀದಿಯ ಪರವಾಗಿ ತಾನೇ ಫೋನ್ ಮಾಡುತ್ತಾನೆ. ಅವನ ಒಂದೇ ಒಂದು ತಪ್ಪೆಂದರೆ, ಅವನ ಕಾರು ಲೀಟರಿಗೆ ಇಪ್ಪತ್ತಾರು ಕಿಲೋಮೀಟರ್ ಕೊಡುತ್ತಿತ್ತು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಆ ಸಂಗತಿ ರಾಮಪ್ರಸಾದನ ಹೆಂಡತಿ ವೆಂಕಟಲಕ್ಷ್ಮಿಗೆ ಬಾಯಿಪಾಠವಾಗಿಬಿಟ್ಟಿತ್ತು.

ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಎಂದರೂ ಮಾತು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು.

"ಉಪ್ಪು ಎದುರಿಗೇ ಇದೆ, ಹಾಕ್ಕೊಳ್ಳಿ. ಮೊದಲು ಒಂದು ಕಾರು ನೋಡಿ. ಶ್ರೀಕಾಂತ್ ಅವರ ಕಾರು ಇಪ್ಪತ್ತಾರು ಕೊಡುತ್ತೆ, ಗೊತ್ತಾ?"

ಹಾಗೆನ್ನುವಾಗ ಅವಳ ಮುಖದಲ್ಲೊಂದು ಹೆಮ್ಮೆ ಬೇರೆ! ರಾಮಪ್ರಸಾದನ ಹೊಟ್ಟೆಗೆ ಉಪ್ಪಿಟ್ಟಿಗಿಂತ ಮೊದಲು ಇಳಿಯುತ್ತಿದ್ದದ್ದು ಆ ಹೆಮ್ಮೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ತನ್ನ ಬಗ್ಗೆ ಅವಳು ಒಮ್ಮೆಯಾದರೂ ಹೀಗೆ ಮುಖ ಅರಳಿಸಿದ್ದುಂಟೆ? (ಒಮ್ಮೆ ಅರಳಿಸಿದ್ದಳು. ಕೇಳಿದರೆ, ಸೀನು ಬರುವ ಹಾಗಿದೆ ಎಂದಳು.)

ರಾಮಪ್ರಸಾದ ಸಾಮಾನ್ಯನಲ್ಲ. ಪೀಣ್ಯ ಎರಡನೇ ಹಂತದ ಒಂದು ಗೇರ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಾಧಿಕಾರಿ. ಕೂದಲೆಳೆಯ ಹತ್ತನೇ ಒಂದು ಪಾಲು ದಪ್ಪವಾದರೂ ಗೇರನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುವ ಮಹಾನುಭಾವ. ಅಂಥವನು ಸುಮ್ಮನೆ ಒಂದು ಕಾರು ತಂದು ನಿಲ್ಲಿಸಿಯಾನೆ? ಯಶವಂತಪುರದಿಂದ ನೆಲಮಂಗಲದವರೆಗೆ ತುಮಕೂರು ರಸ್ತೆಯ ಒಂದು ಶೋರೂಮನ್ನೂ ಬಿಡದೆ ಹೆಂಡತಿಯೊಂದಿಗೆ ನಾಲ್ಕು ತಿಂಗಳು ದಂಡಯಾತ್ರೆ ಮಾಡಿದ. ಲಾವಣ್ಯ ಎಂಬ ಸೇಲ್ಸ್ ಹುಡುಗಿಯಂತೂ ಇವರು ಬಾಗಿಲಲ್ಲಿ ಕಂಡರೆ ಕುರ್ಚಿಗಿಂತ ಮೊದಲು ನೀರು ತರಿಸುವಷ್ಟು ಪಳಗಿದ್ದಳು.

"ಸಾರ್, ಈ ಕಾರು ಇಪ್ಪತ್ತೈದು ಪಾಯಿಂಟ್ ಎಂಟು."

"ಇಪ್ಪತ್ತಾರಕ್ಕೆ ಪಾಯಿಂಟ್ ಎರಡು ಕಮ್ಮಿ. ಬೇಡ."

"ಪಾಯಿಂಟ್ ಎರಡಕ್ಕೋಸ್ಕರ ಕಾರೇ ಬೇಡ ಅಂತೀರಾ?" ವೆಂಕಟಲಕ್ಷ್ಮಿ ಹಣೆ ಒತ್ತಿಕೊಂಡಳು.

"ನಾಳೆ ಗೇಟ್ ಹತ್ರ ಶ್ರೀಕಾಂತ ಕೇಳಿದ್ರೆ ಏನು ಹೇಳ್ಲಿ?"

"ಅವರು ಯಾಕೆ ಕೇಳ್ತಾರೆ?"

"ಕೇಳದೆ ಇದ್ರೂ ನಾನು ಹೇಳ್ಬೇಕಲ್ಲ!"

ಗ್ಯಾಸಿನ ಕಾರು ನೋಡಿದರು. ಡಿಕ್ಕಿಯ ತುಂಬ ಸಿಲಿಂಡರ್ ಕೂತಿತ್ತು. "ಊರಿಗೆ ಹೋಗುವಾಗ ನಿಮ್ಮಮ್ಮನ ಹಪ್ಪಳದ ಡಬ್ಬ ಎಲ್ಲಿಡ್ತೀರಿ?" ಎಂದಳು. "ನಿನ್ನ ತೊಡೆ ಮೇಲೆ" ಎಂದ. ಪೆಟ್ರೋಲೂ ಬ್ಯಾಟರಿಯೂ ಎರಡೂ ಇರುವ ಕಾರು ಇಪ್ಪತ್ತೇಳು ಕೊಡುತ್ತಿತ್ತು, ರಾಮಪ್ರಸಾದ ಕುಣಿದಾಡಿದ. ಆದರೆ ಟೇಪು ಹಿಡಿದು ಅಳೆದರೆ ಅದು ಅವರ ಮನೆಯ ಗೇಟಿಗಿಂತ ನಾಲ್ಕು ಬೆರಳು ಅಗಲ.

"ಗೇಟ್ ಒಡೆಸೋಣ."

"ಮೊದಲು ನಿಮ್ಮ ತಲೆ ಒಡೆಸಿ ನೋಡೋಣ, ಒಳಗೇನಿದೆ ಅಂತ. ನಿಮಗೆ ಬೇಕಾಗಿರೋದು ಕಾರಲ್ಲ ಕಣ್ರೀ, ಪಾಪ ಶ್ರೀಕಾಂತ್ ಅವರ ಮುಖ ಸಣ್ಣಗಾಗೋದು."

ಆ 'ಪಾಪ' ರಾಮಪ್ರಸಾದನ ಎದೆಗೆ ಚುಚ್ಚಿತು. ಇಷ್ಟಕ್ಕೂ ಆ ಇಪ್ಪತ್ತಾರು ನಿಜವೆಂದು ಯಾರು ಕಂಡವರು? ಯಾವ ಪರೀಕ್ಷಾಧಿಕಾರಿ ಸಹಿ ಹಾಕಿದ್ದಾನೆ? ಅವನ ತಲೆಯಲ್ಲಿ ದೀಪ ಹೊತ್ತಿತು. ಮರುಕ್ಷಣವೇ ಕಾಂಪೌಂಡಿನ ಮೇಲಿಂದ ಇಣುಕಿ, "ಶ್ರೀಕಾಂತ್, ಭಾನುವಾರ ನಿಮ್ಮ ಕಾರನ್ನ ಒಂದು ಟೆಸ್ಟ್ ಮಾಡೋಣ್ವಾ?" ಎಂದ. ಶ್ರೀಕಾಂತ ಯಾಕೋ ತಲೆ ಕೆರೆದುಕೊಂಡು, "ಆಯ್ತು ಸಾರ್" ಎಂದ. ಆ ಕೆರೆತವೇ ರಾಮಪ್ರಸಾದನಿಗೆ ಅರ್ಧ ಜಯದಂತೆ ಕಂಡಿತು.

ಪರೀಕ್ಷೆ ಸರಳ. ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ ದಾಬಸ್‌ಪೇಟೆಗೆ ಹೋಗಿ ಬರುವುದು, ಮತ್ತೆ ಕತ್ತಿನವರೆಗೆ ತುಂಬಿಸುವುದು, ಎಷ್ಟು ಹಿಡಿಯಿತೋ ಅಷ್ಟರಿಂದ ಓಡಿದ ದೂರವನ್ನು ಭಾಗಿಸುವುದು. ಭಾನುವಾರ ಬೆಳಿಗ್ಗೆ ಶ್ರೀಕಾಂತ ಸ್ಟಿಯರಿಂಗ್ ಹಿಡಿದ. ರಾಮಪ್ರಸಾದ ನೋಟುಬುಕ್ಕು ಹಿಡಿದು ಪಕ್ಕದಲ್ಲಿ ಕೂತ. ವೆಂಕಟಲಕ್ಷ್ಮಿಯೂ ಶ್ರೀಕಾಂತನ ಹೆಂಡತಿ ತನ್ಮಯಿಯೂ ಹಿಂದೆ ಕೂತು ಕಡಲೆಕಾಯಿ ಬಿಡಿಸತೊಡಗಿದರು. ಬಂಕಿನಲ್ಲಿ, ಟ್ಯಾಂಕಿನೊಳಗೆ ಗಾಳಿಗುಳ್ಳೆ ಉಳಿಯಬಾರದೆಂದು ರಾಮಪ್ರಸಾದ ಎಲ್ಲರನ್ನೂ ಇಳಿಸಿ, ಪೆಟ್ರೋಲು ಹಾಕುವ ರೇವಣಸಿದ್ದನನ್ನು ಕಾರು ಅಲುಗಾಡಿಸಲು ಹಚ್ಚಿದ.

"ಸರ್ರ, ಇದು ಕಾರೋ ತೊಟ್ಟಿಲೋ? ಎಷ್ಟಂತ ತೂಗೂದ್ರಿ?" ಎಂದ ರೇವಣಸಿದ್ದ, ಬೆವರು ಒರೆಸಿಕೊಳ್ಳುತ್ತ.

ಹೋಗಿ ಬಂದರು. ಮತ್ತೆ ತೂಗಿದರು, ತುಂಬಿಸಿದರು, ಭಾಗಿಸಿದರು. ಹದಿನೇಳು ಪಾಯಿಂಟ್ ಎರಡು.

ಅಬ್ಬಾ, ಆ ಗಳಿಗೆಯ ಆನಂದ! ಸ್ವಂತ ಮದುವೆಯಲ್ಲೂ ರಾಮಪ್ರಸಾದ ಅಷ್ಟು ನಕ್ಕಿರಲಿಲ್ಲ.

"ಎಲ್ಲಿ ಹೋಯ್ತು ಸ್ವಾಮಿ ಒಂಬತ್ತು ಕಿಲೋಮೀಟರ್? ದಾಬಸ್‌ಪೇಟೆಯಲ್ಲಿ ಇಳಿದುಬಿಡ್ತಾ? ಕೇಳಿಸ್ಕೊಂಡ್ಯೇನೇ ವೆಂಕೂ? ಇಪ್ಪತ್ತಾರಂತೆ ಇಪ್ಪತ್ತಾರು!"

ಶ್ರೀಕಾಂತ ಮೆಲ್ಲಗೆ ಹೇಳಿದ: "ಇಪ್ಪತ್ತಾರು ಬರೋದು ಸತ್ಯ ಸಾರ್. ಆದ್ರೆ ನಾನು ಓಡ್ಸಿದ್ರೆ ಬರಲ್ಲ."

"ಮತ್ತೆ? ತನ್ಮಯಿ ಅವರು ಓಡ್ಸಿದ್ರೆ ಬರುತ್ತಾ?"

"ಅಯ್ಯೋ, ನಂಗೆಲ್ಲಿ ಬರುತ್ತೆ ಅಣ್ಣ ಡ್ರೈವಿಂಗು!" ತನ್ಮಯಿ ನಕ್ಕಳು. "ಬುಧವಾರ, ಶನಿವಾರ ಬೆಳಿಗ್ಗೆ ತರಕಾರಿಗೆ ಅಂತ ದಾಸನಪುರ ಮಾರ್ಕೆಟ್ಟಿಗೆ ಹೋಗ್ತೀವಲ್ಲ, ಆಗೆಲ್ಲ ನಿಮ್ಮನೆಯವರೇ ಅಲ್ವಾ ಓಡ್ಸೋದು?"

ರಾಮಪ್ರಸಾದ ನಿಧಾನವಾಗಿ ಹೆಂಡತಿಯತ್ತ ತಿರುಗಿದ. ಅವಳು ಕಡಲೆಕಾಯಿ ಸಿಪ್ಪೆಯನ್ನು ಜೋಪಾನವಾಗಿ ಕವರಿಗೆ ತುಂಬುತ್ತಿದ್ದಳು.

"ನೀನಾ? ಯಾವಾಗ ಕಲಿತೆ?"

"ಎರಡು ವರ್ಷದ ಹಿಂದೆ ಯೋಗ ಕ್ಲಾಸಿಗೆ ಅಂತ ಹೋಗ್ತಿದ್ನಲ್ಲ, ಅದು ಡ್ರೈವಿಂಗ್ ಸ್ಕೂಲು."

"ನಂಗ್ಯಾಕೆ ಹೇಳ್ಲಿಲ್ಲ?"

"ಸ್ಕೂಟರ್ ಕಲಿಸುವಾಗ ನಡುಬೀದೀಲಿ ನಿಂತು ಕೂಗಾಡಿದ್ದು ಮರೆತ್ರಾ? ಹಾಲಿನವನೂ ನಿಂತು ನೋಡ್ತಿದ್ದ. ನಮ್ಮ ಕಾರು ಬಂದ ದಿನ ನಾನೇ ಓಡಿಸಿ ತೋರ್ಸೋಣ ಅಂತಿದ್ದೆ. ನೀವು ತಗೊಂಡ್ರೆ ತಾನೇ!"

ನಂಬಲಾಗದೆ ಅವನು ಇನ್ನೊಂದು ಸುತ್ತು ಹೋಗಲೇಬೇಕೆಂದು ಹಟ ಹಿಡಿದ. ಅವಳು ಸೆರಗು ಸಿಕ್ಕಿಸಿ ಸ್ಟಿಯರಿಂಗ್ ಮುಂದೆ ಕೂತಳು. ಮಲಗಿದ ಮಗುವಿಗೆ ಹೊದಿಕೆ ಸರಿಮಾಡುವ ಕೈಯಷ್ಟು ಹಗುರವಾಗಿ ಅವಳ ಕಾಲು ಪೆಡಲಿನ ಮೇಲೆ ಆಡಿತು. ಬ್ರೇಕು ಹಾಕಿದ್ದು ಲೆಕ್ಕಕ್ಕೆ ನಾಲ್ಕೇ ಸಲ. ಅದೇ ರಸ್ತೆ, ಅದೇ ಕಾರು, ಅದೇ ನಾಲ್ಕು ಜನ. ರೇವಣಸಿದ್ದ ಇವರನ್ನು ಕಂಡು ಟೈರಿಗೆ ಗಾಳಿ ತುಂಬುವ ಕಡೆಗೆ ಓಡಿಹೋದ, ಕರೆತಂದು ತೂಗಿಸಬೇಕಾಯಿತು. ಇಪ್ಪತ್ತಾರು ಪಾಯಿಂಟ್ ಒಂದು.

ಬೇರೆ ಗಂಡನಾಗಿದ್ದರೆ ಹಿಗ್ಗುತ್ತಿದ್ದ. ರಾಮಪ್ರಸಾದನಿಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ತಿಂಗಳಿಂದ ನಿದ್ದೆಗೆಡಿಸಿದ ಆ ಇಪ್ಪತ್ತಾರು ತನ್ನದೇ ಮನೆಯದು! ತಾಳಿ ಕಟ್ಟಿದವನು ತಾನು, ಮೈಲೇಜು ಮಾತ್ರ ಶ್ರೀಕಾಂತನಿಗೆ! ವಾರಕ್ಕೆರಡು ಸಲ ತನ್ನ ಹೆಂಡತಿಯ ಪಾದ ಪರರ ಪೆಡಲಿನ ಮೇಲೆ! ಇನ್ನೊಂದು ಬುಧವಾರ ಹೀಗಾಗಲು ಬಿಟ್ಟರೆ ತಾನು ಗಂಡಸೇ ಅಲ್ಲ.

ಅಂದೇ ಮಧ್ಯಾಹ್ನ ಊಟವನ್ನೂ ಮಾಡದೆ ಅವಳ ಕೈಹಿಡಿದು ಶೋರೂಮಿಗೆ ನುಗ್ಗಿದ.

"ತಕ್ಷಣ ಸಿಗೋ ಕಾರು ಯಾವ್ದಿದೆ?"

"ಅವತ್ತು ಬೇಡ ಅಂದ್ರಲ್ಲ ಸಾರ್, ಅದೇ. ಕಿತ್ತಳೆ ಬಣ್ಣದ್ದು ಒಂದೇ ಇದೆ," ಎಂದಳು ಲಾವಣ್ಯ.

"ಥೂ, ಕಿತ್ತಳೆನಾ?" ವೆಂಕಟಲಕ್ಷ್ಮಿ ಮುಖ ಸಿಂಡರಿಸಿದಳು.

"ಕೊಡಮ್ಮ!"

ಲಾವಣ್ಯ ಕೈಯಲ್ಲಿ ಪೆನ್ನು ಹಿಡಿದೇ ನಿಂತಳು. "ಮೈಲೇಜ್ ಬಗ್ಗೆ ಏನೂ ಕೇಳ್ಲೇ ಇಲ್ವಲ್ಲ ಸಾರ್?"

"ಮೈಲೇಜು ನಮ್ಮನೇಲೇ ಇದೆ. ನೀನು ಕಾರು ಕೊಡು, ಸಾಕು."

ಮುಂದಿನ ಬುಧವಾರ ಹೊಸ ಕಾರಿನ ಮೊದಲ ಮಾರ್ಕೆಟ್ ಪ್ರಯಾಣ. ರಾಮಪ್ರಸಾದ ಕಾರ್ಖಾನೆಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯ ಪಕ್ಕದ ಸೀಟಿನಲ್ಲಿ ಅರಸನಂತೆ ಆಸೀನನಾದ. ಹಿಂದೆ ತನ್ಮಯಿ. ಅವಳ ಪಕ್ಕದಲ್ಲಿ ಶ್ರೀಕಾಂತ! ಅವನ ಆಫೀಸು ದಾಸನಪುರದ ದಾರಿಯಲ್ಲೇ, ಮಾಕಳಿಯಲ್ಲಿ. "ನನ್ ಕಾರು ಹದಿನೇಳಲ್ವಾ ಸಾರ್, ಸುಮ್ನೆ ಯಾಕೆ ಪೆಟ್ರೋಲ್ ಸುಡೋದು ಅಂತ" ಎಂದ. ಇರಲಿ, ನೋಡಿ ಹೊಟ್ಟೆ ಉರಿದುಕೊಳ್ಳಲಿ ಎಂದು ರಾಮಪ್ರಸಾದ ಉದಾರವಾಗಿ ನಕ್ಕ.

ನಾಗಸಂದ್ರ ದಾಟಿದರು. ಸ್ಟಿಯರಿಂಗ್ ಮುಂದಿನ ಪರದೆಯ ಮೇಲೆ ಮೈಲೇಜು ಇಪ್ಪತ್ತಮೂರು. ವೆಂಕಟಲಕ್ಷ್ಮಿಯ ಹುಬ್ಬು ಗಂಟಾಯಿತು. ಚಿಕ್ಕಬಿದರಕಲ್ಲು ದಾಟಿದರು. ಇಪ್ಪತ್ತಮೂರೇ. ಮಾದಾವರ ಮೆಟ್ರೋ ನಿಲ್ದಾಣದ ಹತ್ತಿರ ಅವಳು ಇಂಡಿಕೇಟರ್ ಹಾಕಿ, ಕಾರನ್ನು ನಾಜೂಕಾಗಿ ಪಕ್ಕಕ್ಕೆ ತಂದು ನಿಲ್ಲಿಸಿದಳು.

"ರೀ, ನಿಮ್ಮ ತೂಕ ಎಷ್ಟು?"

"ತೊಂಬತ್ತು. ಯಾಕೆ?"

"ಶ್ರೀಕಾಂತ್, ನಿಮ್ಮದು?"

"ಐವತ್ತೆಂಟು ಮೇಡಂ."

ರಾಮಪ್ರಸಾದ ಸೀಟ್ ಬೆಲ್ಟನ್ನು ಇನ್ನಷ್ಟು ಬಿಗಿಮಾಡಿಕೊಂಡ.

"ಅವರಿಗೆ ಆಫೀಸಿದೆ. ನಿಮಗೆ ಹೇಗೂ ರಜೆ," ಎಂದಳು ವೆಂಕಟಲಕ್ಷ್ಮಿ, ಬಹಳ ಪ್ರೀತಿಯಿಂದ. "ಬೇಜಾರು ಮಾಡ್ಕೋಬೇಡಿ. ನೀವೇ ಹೇಳ್ತೀರಲ್ಲ, ಅಳತೆ ಅಂದ್ಮೇಲೆ ನಮ್ಮವರು ತಮ್ಮವರು ಅಂತ ನೋಡಬಾರದು ಅಂತ."

ಇಷ್ಟು ವರ್ಷದ ನೌಕರಿಯಲ್ಲಿ ಒಂದು ಗೇರನ್ನೂ ದಾಕ್ಷಿಣ್ಯಕ್ಕೆ ಪಾಸು ಮಾಡದವನು ಏನು ತಾನೇ ಹೇಳಿಯಾನು? ಇಳಿದ. ಶ್ರೀಕಾಂತನೂ ಇಳಿದ. ಇವನಿಗೆ ಜೊತೆ ಕೊಡಲು ಅಲ್ಲ. ಖಾಲಿಯಾದ ಮುಂದಿನ ಸೀಟಿಗೆ ಬಂದು ಬೆಲ್ಟು ಹಾಕಿಕೊಂಡ. ಕಿತ್ತಳೆ ಕಾರು ಒಂದಿಷ್ಟೂ ಸದ್ದಿಲ್ಲದೆ, ಒಂದು ಹನಿಯೂ ದಂಡವಾಗದಂತೆ ಹೊರಟುಹೋಯಿತು.

ಅವನು ಮೆಟ್ರೋ ಮೆಟ್ಟಿಲಿನ ಕೆಳಗೇ ನಿಂತಿದ್ದಾಗ ಫೋನು ಟಿಣ್ ಎಂದಿತು. ಶ್ರೀಕಾಂತ ಚಿತ್ರ ಕಳಿಸಿದ್ದ. ಪರದೆಯ ಮೇಲೆ ಇಪ್ಪತ್ತಾರು ಪಾಯಿಂಟ್ ನಾಲ್ಕು. ಅಂಕಿಯ ಪಕ್ಕದಲ್ಲಿ ವೆಂಕಟಲಕ್ಷ್ಮಿಯ ಬಳೆ. ಕೆಳಗೆ, 'ಅಭಿನಂದನೆ ಸಾರ್, ನಿಮ್ಮ ಕಾರು ಸೂಪರ್.'

ರಾಮಪ್ರಸಾದ ಆ ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ ನೋಡಿದ. ತಪ್ಪು ಹಿಡಿಯಲು ಏನೂ ಸಿಗಲಿಲ್ಲ. ಕಾರು ತನ್ನದು, ಹೆಂಡತಿ ತನ್ನವಳು, ಸೀಟು ಮಾತ್ರ ಐವತ್ತೆಂಟು ಕಿಲೋದವನದು. ಪೀಣ್ಯಕ್ಕೆ ಫೋನ್ ಮಾಡಿ ರಜೆ ರದ್ದು ಮಾಡಿಸಿದ. ಆಮೇಲೆ ಲೈನನ್ನು ಕ್ಯಾಂಟೀನಿನ ಚಿಕ್ಕಮುನಿಯಪ್ಪನಿಗೆ ಕೊಡಿಸಿಕೊಂಡ.

"ಚಿಕ್ಕಮುನಿಯಪ್ಪ, ಇವತ್ತಿಂದ ನಂಗೆ ಒಂದೇ ಇಡ್ಲಿ. ವಡೆ ಬೇಡ."

"ಯಾಕ್ ಸಾರ್, ಉಸಾರಿಲ್ವಾ?"

"ಇನ್ನೂ ಮೂವತ್ತೆರಡು ಕಿಲೋ ಇಳಿಸೋದಿದೆ ಕಣಯ್ಯಾ," ಎಂದು ಹಲ್ಲು ಕಚ್ಚಿ ಹೇಳಿ, ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತತೊಡಗಿದ.